ಅಂಗಡಿಯ ಗುಳಿಗೆಯೂ ಪಕ್ಕದ ಮನೆಯ ಆಪಾ ಅವರೂ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾವು ಯಶವಂತಪುರದ ಒಂದು ವಠಾರದಲ್ಲಿದ್ದೆವು. ಧಾರವಾಡದ ಕಡೆಯವರು, ನನ್ನ ಗಂಡನಿಗೆ ಹತ್ತಿರದ ಕಾರ್ಖಾನೆಯಲ್ಲಿ ಕೆಲಸ. ಪಕ್ಕದ ಮನೆಯಲ್ಲಿದ್ದ ಹಿರಿಯ ಹೆಂಗಸು ಹೆರಿಗೆ ಆಸ್ಪತ್ರೆಯೊಂದರಲ್ಲಿ ಬಹಳ ವರ್ಷ ನರ್ಸಾಗಿ ದುಡಿದು ನಿವೃತ್ತರಾಗಿದ್ದರು. ಮನೆಯಲ್ಲಿ ಉರ್ದು, ನಮ್ಮೊಡನೆ ಕನ್ನಡ. ವಠಾರಕ್ಕೆಲ್ಲ ಅವರು ಆಪಾ, ಅಂದರೆ ಅಕ್ಕ.

ನನಗೆ ಚಿಕ್ಕಂದಿನಿಂದಲೂ ತಲೆನೋವು. ನೋವು ಬಂದರೆ ಪೆಟ್ಟಿಗೆ ಅಂಗಡಿಯಿಂದ ಒಂದು ಗುಳಿಗೆ ತಂದು ನುಂಗುವುದೇ ರೂಢಿ. ಬಸುರಿಯಾದ ಮೇಲೂ ಅದು ತಪ್ಪೆನಿಸಿರಲಿಲ್ಲ. ಬೀಡಿ, ಬಾಳೆಹಣ್ಣಿನ ಜೊತೆ ಮಾರುವ ವಸ್ತುವಿನಿಂದ ಏನಾದೀತು ಎಂಬ ಧೈರ್ಯ. ಎಂಟನೇ ತಿಂಗಳಲ್ಲಿ ಒಂದು ಬೆಳಿಗ್ಗೆ ನಾನು ಹೊಸಿಲ ಮೇಲೆ ಕೂತು ಗುಳಿಗೆಯ ಕಾಗದ ಹರಿಯುತ್ತಿದ್ದುದನ್ನು ಆಪಾ ಕಂಡರು.

"ಏನ್ ಮಾತ್ರೆ ಅದು?"

"ತಲಿನೋವಿಂದ್ರಿ ಆಪಾ. ನಿನ್ನೆ ಎರಡ ತಗೊಂಡೇನಿ, ಹೋಗವಲ್ದು."

ಕಾಗದವನ್ನು ಕಣ್ಣ ಹತ್ತಿರ ಹಿಡಿದು ಓದಿದರು. "ಇದ್ರಲ್ಲಿ ಆಸ್ಪಿರಿನ್ ಇದೆ. ದಿನ ತುಂಬ್ತಾ ಇರೋವಾಗ ಹಿಂಗೆ ನಿನ್ನಷ್ಟಕ್ಕೆ ನೀನೇ ನುಂಗ್ಬಾರ್ದು ಕಣಮ್ಮ. ಹೆರಿಗೇಲಿ ರಕ್ತ ಜಾಸ್ತಿ ಹೋಗ್ಬಹುದು, ಮಗೂಗೂ ಒಳ್ಳೇದಲ್ಲ. ಸೀರೆ ಬದಲಾಯಿಸ್ಕೊಂಡು ಬಾ, ಡಾಕ್ಟ್ರ ಹತ್ರ ಹೋಗೋಣ."

ಒಂದು ತಲೆನೋವಿಗೆ ಇಷ್ಟೆಲ್ಲ ಯಾಕೆ ಎಂದು ಗೊಣಗುತ್ತಲೇ ಹೋದೆ. ಲೇಡಿ ಡಾಕ್ಟರು ಬಿಪಿ ನೋಡಿದರು, ಏರಿತ್ತು. ಅವರು ಬೈಯಲಿಲ್ಲ. "ಈ ತಿಂಗಳಲ್ಲಿ ತಲೆನೋವು ಬಂದ್ರೆ ಮೊದ್ಲು ಬಿಪಿ ನೋಡಿಸ್ಬೇಕು. ನೋವಿಗೆ ಪ್ಯಾರಾಸಿಟಮಾಲ್ ಬರ್ಕೊಡ್ತೀನಿ. ಅದನ್ನೂ ತಡೀಲಿಕ್ಕೆ ಆಗ್ದೇ ಇದ್ದಾಗ ಮಾತ್ರ, ನಾನು ಹೇಳಿದಷ್ಟೇ," ಎಂದರು. ಬಿಪಿಗೆ ಬೇರೆ ಔಷಧಿ ಕೊಟ್ಟು, ದೂರದ ಪ್ರಯಾಣ ಬೇಡ ಎಂದದ್ದರಿಂದ ನಾನು ತವರಿಗೆ ಹೋಗಲಿಲ್ಲ, ಅವ್ವನೇ ಬಂದಳು. ದಿನ ತುಂಬಿದ ಮೇಲೆ ಮಗಳು ಹುಟ್ಟಿದಳು. ಹೆರಿಗೆ ಸಲೀಸಾಗಿ ಆಯಿತು.

ಮಗುವಿಗೆ ಹದಿನೆಂಟು ದಿನವಾದಾಗ ಒಂದು ಮಧ್ಯಾಹ್ನ ಮೈ ಕಾದ ಹೆಂಚಿನಂತಾಯಿತು. ಮೊಲೆ ಹಿಡಿಯಲಿಲ್ಲ. ಆರು ಮಕ್ಕಳನ್ನು ಬೆಳೆಸಿದ್ದ ಅವ್ವ ಸಾಣೆಕಲ್ಲು ತೆಗೆದು, ನನ್ನ ತಲೆನೋವಿಗೆ ಬರೆದುಕೊಟ್ಟು ಉಳಿದಿದ್ದ ಮಾತ್ರೆಯನ್ನು ಮುರಿದಳು.

"ಡಾಕ್ಟರು ಕೊಟ್ಟ ಗುಳಿಗಿ ಅಲ್ಲೇನ. ಒಂದ ಚೂರ ಎದಿಹಾಲಾಗ ತೇದು ಹಾಕಿದ್ರ ಏನೂ ಆಗೂದಿಲ್ಲ."

ಹೊಟ್ಟೆಯಲ್ಲಿದ್ದಾಗ ಮಗು ತಡೆದುಕೊಂಡ ಮಾತ್ರೆಯನ್ನು ಈಗ ತಡೆದುಕೊಳ್ಳುವುದಿಲ್ಲವೇ ಎಂದು ನನಗೂ ಅನ್ನಿಸಿತು. ಆದರೂ ಮನಸ್ಸು ಒಪ್ಪದೆ ಆಪಾ ಅವರನ್ನು ಕೂಗಿದೆ. ಅವರು ಬಂದು ಮಗುವಿನ ಕೈಯೆತ್ತಿ ಬಿಟ್ಟರು. ಕೈ ಸುಮ್ಮನೆ ಬಿತ್ತು.

"ಅಮ್ಮಾ, ನಿಮಗೆ ಹೇಳೋವಷ್ಟು ದೊಡ್ಡೋಳಲ್ಲ ನಾನು," ಎಂದು ಅವ್ವನ ಪಕ್ಕ ಕೂತರು. "ಇಷ್ಟು ಎಳೇ ಕೂಸಿಗೆ ಜ್ವರ ಬಂದ್ರೆ ಮನೇಲಿ ಏನೂ ಹಾಕ್ಬಾರ್ದು. ಜ್ವರ ಇಳಿದ್ರೂ ಕಾಯಿಲೆ ಒಳಗೇ ಇರುತ್ತೆ, ನಮಗೆ ಗೊತ್ತಾಗಲ್ಲ. ಆ ಚೂರು ಎಷ್ಟಾಗುತ್ತೆ ಅಂತಾನೂ ಗೊತ್ತಾಗಲ್ಲ. ಈಗ್ಲೇ ಆಸ್ಪತ್ರೆಗೆ ಹೋಗ್ಬೇಕು."

ಅವ್ವ ಸಾಣೆಕಲ್ಲನ್ನು ಗೋಡೆಗೆ ಒರಗಿಸಿದಳು. ಆಟೋದಲ್ಲಿ ಮೂವರೂ ಒತ್ತಿ ಕೂತೆವು. ಆಸ್ಪತ್ರೆಯಲ್ಲಿ ಮೊದಲು ಕೇಳಿದ್ದೇ ಏನಾದರೂ ಔಷಧಿ ಹಾಕಿದ್ದೀರಾ ಎಂದು. ಇಲ್ಲ ಎಂದು ಅವ್ವನೇ ಹೇಳಿದಳು. ರಕ್ತಕ್ಕೆ ನಂಜು ಹತ್ತಿತ್ತು. ಹತ್ತು ದಿನ ಇಂಜೆಕ್ಷನ್ ಆಯಿತು. ನಾಲ್ಕನೇ ದಿನ ಮಗು ಬಾಯಿ ತೆರೆದು ಮೊಲೆ ಹುಡುಕಿದಾಗ, ವಾರ್ಡಿನಲ್ಲಿ ಎಲ್ಲರ ಎದುರಿಗೇ ನಾನು ಅತ್ತುಬಿಟ್ಟೆ. ದಿನಾ ಬುತ್ತಿ ತರುತ್ತಿದ್ದ ಆಪಾ ನನ್ನ ಬೆನ್ನು ಸವರುತ್ತ ನಿಂತಿದ್ದರು.

ಊರಿಗೆ ಹೊರಡುವ ಹಿಂದಿನ ದಿನ ಅವ್ವ ತಟ್ಟೆಯಲ್ಲಿ ಅಕ್ಕಿ, ತೆಂಗಿನಕಾಯಿ, ಕುಪ್ಪಸದ ಖಣ ಇಟ್ಟುಕೊಂಡು ಆಪಾ ಅವರ ಬಾಗಿಲಿಗೆ ಹೋದಳು. ಉಡಿ ತುಂಬಲು ಬಂದಿದ್ದಾಳೆಂದು ತಿಳಿದು ಆಪಾ ಹಿಂದೆ ಸರಿದರು.

"ನಾನು ಗಂಡ ಸತ್ತೋಳು ಕಣಮ್ಮ. ನಿಮ್ಮಲ್ಲಿ ಇದನ್ನ ನನ್ನಂಥೋರಿಗೆ ಕೊಡಲ್ಲ ಅಲ್ವಾ?"

"ನಾ ಕೊಡ್ತೀನಿ. ಸೆರಗ ಹಿಡೀರಿ," ಎಂದಳು ಅವ್ವ.

ಆಪಾ ತಲೆಯ ಮೇಲಿದ್ದ ಸೆರಗನ್ನು ಎರಡೂ ಕೈಯಲ್ಲಿ ಚಾಚಿದರು.