ಚುಕ್ಕೆ ಗುರುತಿನ ಪ್ರಶ್ನೆಗೆ ಎರೆಮಣ್ಣಿನ ಉತ್ತರ

ಶಾಸಕರ ಪ್ರಶ್ನೆ ಬಂದ ದಿನ ನಮ್ಮ ಕಚೇರಿಯಲ್ಲಿ ಯಾರಿಗೂ ಊಟ ರುಚಿಸುತ್ತಿರಲಿಲ್ಲ. ನಮ್ಮದು ಹಳ್ಳಿಯ ಬಡವರಿಗೆ ಮನೆ ಕಟ್ಟಿಕೊಳ್ಳಲು ಸಾಲ ಕೊಡುವ ಸರ್ಕಾರಿ ಸಂಸ್ಥೆ. ನಾನು ಅದರ ಜಿಲ್ಲಾ ಕಚೇರಿಯಲ್ಲಿ ಅಧೀಕ್ಷಕಿ. ವಿಧಾನಸಭೆಯ ಅಧಿವೇಶನ ಶುರುವಾಯಿತೆಂದರೆ ಬೆಂಗಳೂರಿನಿಂದ ಪ್ರಶ್ನೆಗಳು ಬಂದು ಬೀಳುತ್ತಿದ್ದವು, ಸಂಜೆಯೊಳಗೆ ಉತ್ತರ ಹೋಗಬೇಕಿತ್ತು. ಕರಡು ಬರೆಯುವ ಕೆಲಸ ಹೇಗೋ ನನ್ನ ಕೊರಳಿಗೇ ಬಿದ್ದಿತ್ತು.

ಆ ಕೆಲಸಕ್ಕೆ ಅದರದೇ ಒಂದು ಪದ್ಧತಿ ಇತ್ತು. ಮೊದಲು ಹಿಂದಿನ ಅಧಿವೇಶನದ ಉತ್ತರ ಹುಡುಕಬೇಕು. ಅದರಲ್ಲಿ ಊರಿನ ಹೆಸರು ಬದಲಿಸಬೇಕು. ಕೊನೆಗೆ ‘ಪರಿಶೀಲಿಸಿ ಅಗತ್ಯ ಕ್ರಮ ಕೈಗೊಳ್ಳಲಾಗುವುದು’ ಎಂದು ಸೇರಿಸಿದರೆ ಆಯಿತು. ಕೇಳಿದವರಿಗೂ ಉತ್ತರ ಸಿಕ್ಕಂತೆ, ನಾವೂ ಏನೂ ಹೇಳದಂತೆ. ಈ ವಿದ್ಯೆಯಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಮನೆಯಲ್ಲಿ ಯಜಮಾನರು ‘ಇವತ್ತ ಪಲ್ಯಾ ಏನು?’ ಎಂದು ಕೇಳಿದರೂ ‘ಪರಿಶೀಲನೆಯಲ್ಲಿದೆ’ ಅನ್ನುತ್ತಿದ್ದೆ.

ಆ ವರ್ಷ ಮಳೆಗಾಲದ ಅಧಿವೇಶನಕ್ಕೆ ನಮ್ಮ ಭಾಗದ ಶಾಸಕರೊಬ್ಬರು ಕೇಳಿದ್ದು ಚುಕ್ಕೆ ಗುರುತಿನ ಪ್ರಶ್ನೆ. ಅಂದರೆ ಸದನದಲ್ಲಿ ಸಚಿವರು ಎದ್ದು ನಿಂತು ಬಾಯಿಬಿಟ್ಟು ಉತ್ತರಿಸಲೇಬೇಕಾದದ್ದು. ಅಣ್ಣಿಗೇರಿ, ನವಲಗುಂದ ಕಡೆಯ ಹಳ್ಳಿಗಳಲ್ಲಿ ಅಷ್ಟೊಂದು ಮನೆಗಳ ಸಾಲ ರದ್ದಾಗಿದ್ದು ಯಾಕೆ ಎಂಬುದು ಪ್ರಶ್ನೆ. ನಮ್ಮ ಸಾಹೇಬರು ಮೈಸೂರು ಕಡೆಯವರು, ಸಂಭಾವಿತರು, ಹೆದರುಪುಕ್ಕಲು. ಕಂಪ್ಯೂಟರ್ ನೋಡಿ ಕಾರಣ ಹೇಳಿದರು: “ಫಲಾನುಭವಿಗಳಿಗೆ ಮನೆ ಕಟ್ಟಲು ಆಸಕ್ತಿ ಇಲ್ಲ ಅಂತ ಬರೆದುಬಿಡಿ ಮೇಡಂ. ಕೆಲಸ ಎಲ್ಲಿಗೆ ಬಂತು ಅಂತ ನೋಡೋಕೆ ಎರಡು ಸಲ ತೆಗೆದ ಫೋಟೋದಲ್ಲೂ ಬರೀ ಬುನಾದಿ ಇದೆ. ಗೋಡೆ ಒಂದು ಗೇಣೂ ಎದ್ದಿಲ್ಲ.”

ಹಿಂದಿನ ವಾರವಷ್ಟೇ ಹಾಗೆ ಸಾಲ ರದ್ದಾದವಳೊಬ್ಬಳು ನನ್ನ ಮೇಜಿನ ಮುಂದೆ ನಿಂತು ಹೋಗಿದ್ದಳು. ಕುರಿ ಕಾಯುವ ಮನೆತನದ ಹೆಣ್ಣುಮಗಳು. ಮದುವೆಯಾದಂದಿನಿಂದ ಗಂಡನ ಹಿಂದೆ, ಕುರಿಯ ಹಿಂದೆ, ಊರಿಂದೂರಿಗೆ ತಿರುಗಿ ಬಯಲಲ್ಲೇ ಮಲಗಿದವಳು, ಮಳೆ ಬಂದರೆ ಗಂಟು ಹೊತ್ತು ಆಸರೆ ಹುಡುಕಿದವಳು. ಅಣ್ಣಿಗೇರಿಯಾಚೆಯ ಹಳ್ಳಿಯಲ್ಲಿ ಅವಳಿಗೊಂದು ಜಾಗ ಸಿಕ್ಕಿತ್ತು, ಬೇಸಿಗೆಯಲ್ಲಿ ಬುನಾದಿಯೂ ಬಿದ್ದಿತ್ತು.

“ಅಕ್ಕಾರ, ನಮ್ಮ ಮನಿ ರದ್ದಾಗೇತಂತ. ನಾವೇನ ತಪ್ಪ ಮಾಡೇವ್ರಿ?” ಅಂದಳು. “ಗೌಂಡಿ ಹೇಳ್ಯಾನ, ಪಾಯಾ ಒಂದ ಮಳಿಗಾಲ ಕುಂದರ್ಲಿ, ಆಮ್ಯಾಲ ಗ್ವಾಡಿ ಏರಸೂಣು ಅಂತ. ಅದಕ್ಕ ಬಿಟ್ಟೇವ್ರಿ. ಈ ಮನಿ ಹೋದ್ರ ಇನ್ನೊಮ್ಮಿ ಯಾರ ಕೊಡ್ತಾರ ನಮಗ?”

ಅವಳು ಹೇಳಿದ್ದು ನನಗೆ ಹೊಸದಲ್ಲ. ನಾನೂ ಆ ಎರೆಭೂಮಿಯಲ್ಲೇ ಹುಟ್ಟಿದವಳು. ಆ ಕಪ್ಪು ಮಣ್ಣು ಬೇಸಿಗೆಯಲ್ಲಿ ಬಾಯಿಬಿಡುತ್ತದೆ, ಮಳೆಗೆ ಉಬ್ಬುತ್ತದೆ. ಅಲ್ಲಿ ಪಾಯಾ ಆಳವಾಗಿ ತೆಗೆದು, ಗರಸು ಎನ್ನುವ ಜಲ್ಲಿಮಿಶ್ರಿತ ಗಟ್ಟಿ ಮಣ್ಣು ತುಂಬಿ, ಒಂದು ಮಳೆಗಾಲ ಹಾಗೇ ಬಿಟ್ಟು, ಅದು ಕುಂತ ಮೇಲೆಯೇ ಗೋಡೆ ಏರಿಸುವುದು. ನಮ್ಮಪ್ಪ ಮಾಸ್ತರಿಕೆಯ ಸಂಬಳದಲ್ಲಿ ಮನೆ ಕಟ್ಟುವಾಗ ಆ ಗರಸಿನ ಮೇಲೆ ನಾವು ಹುಡುಗಿಯರು ಇಡೀ ಮಳೆಗಾಲ ಕುಂಟಾಬಿಲ್ಲೆ ಆಡಿದ್ದೆವು. ಅದನ್ನು ನೋಡಿ ಮಾಸ್ತರಿಗೆ ಮನೆ ಕಟ್ಟುವ ಆಸಕ್ತಿ ಇಲ್ಲ ಎಂದು ಯಾರೂ ಅಂದಿರಲಿಲ್ಲ.

ಸಾಹೇಬರ ‘ಆಸಕ್ತಿ ಇಲ್ಲ’ ಎಂಬ ಮಾತಿಗೆ ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಕಚೇರಿಯಲ್ಲಿ ಎಲ್ಲರಿಗೂ ಗೊತ್ತಿದ್ದದ್ದೇ. ಚಹಾ ತರುವವನು ಬಾಗಿಲಲ್ಲೇ ನಿಂತ. ಸಾಹೇಬರ ಮಾತನ್ನು ಬದಿಗಿಟ್ಟು ನಾನು ಕರಡು ಬರೆದೆ: ‘ಎರೆಭೂಮಿಯಲ್ಲಿ ಬುನಾದಿಯನ್ನು ಒಂದು ಮಳೆಗಾಲ ಬಿಡುವುದು ಈ ಭಾಗದ ರೂಢಿ. ಅದನ್ನು ಕೆಲಸ ನಿಂತಿದೆ ಎಂದು ಭಾವಿಸಿ ಸಂಸ್ಥೆಯು ಸಾಲ ರದ್ದುಪಡಿಸಿದ್ದು ತಪ್ಪು.’

ಸಾಹೇಬರು ಓದಿದರು, ಬೆವರಿದರು. “ಮೇಡಂ, ತಪ್ಪು ಅಂತ ನಾವೇ ಬರೆದುಕೊಡೋದಾ? ಈ ಸಂಸ್ಥೆ ಹುಟ್ಟಿದಾಗಿನಿಂದ ಯಾರೂ ಹೀಗೆ ಬರೆದಿಲ್ಲ. ಅವರು ಉಪಪ್ರಶ್ನೆ ಕೇಳಿ ನಮ್ಮ ಚರ್ಮ ಸುಲೀತಾರೆ.”

“ನೀವು ಎರಿ ಮಣ್ಣು ತುಳಿದೀರೇನ್ರಿ ಸರ?” ಅಂದೆ.

“ಇಲ್ಲ.”

“ಹಂಗಾರ ನಡೀರಿ, ಜೀಪ್ ಬಾಗಲಾಗ ಐತಿ. ತುಳದ ನೋಡೂಣು.”

ನನ್ನ ದನಿ ಕೇಳಿ ಬಂದರೋ, ಸುಳ್ಳು ಬರೆಯಲು ಅವರಿಗೂ ಮನಸ್ಸಿರಲಿಲ್ಲವೋ, ಅಂತೂ ಬಂದರು. ಬೆಳಿಗ್ಗೆಯಷ್ಟೇ ಮಳೆಯಾಗಿತ್ತು. ಹಳ್ಳಿಯ ದಾರಿಯಲ್ಲಿ ಜೀಪ್ ಹೂತುಕೊಂಡಿತು. ಸಾಹೇಬರು ಇಳಿದು ನಾಲ್ಕು ಹೆಜ್ಜೆ ಇಟ್ಟಿರಬೇಕು, ಒಂದೊಂದು ಬೂಟಿಗೂ ಸೇರುಗಟ್ಟಲೆ ಮಣ್ಣು ಮೆತ್ತಿಕೊಂಡು ಕಾಲು ಎತ್ತಲಾಗದೆ ನಿಂತರು. ಆಮೇಲೆ ಒಂದು ಬೂಟು ಅಲ್ಲೇ ಉಳಿಯಿತು. ನಾನು ನಗಬಾರದಿತ್ತು, ಹೊಟ್ಟೆ ಹಿಡಿದುಕೊಂಡು ನಕ್ಕೆ. ಪಾಪ, ಅವರೂ ನಕ್ಕರು.

ಕುರಿಗಾರ ಹೆಣ್ಣುಮಗಳ ಜಾಗದಲ್ಲಿ ಗರಸು ತುಂಬಿದ ಪಾಯಾ ಮಳೆಗೆ ಚೆನ್ನಾಗಿ ತೋಯ್ದು ಕೂತಿತ್ತು. ಬಾಜುವಿನಲ್ಲೇ ಇನ್ನೊಂದು ಮನೆ, ಬಣ್ಣ ಬಳಿದದ್ದು. ಸಾಹೇಬರು ಅದನ್ನು ನೋಡಿ ಹಿಗ್ಗಿದರು, ಯಾಕೆಂದರೆ ಬೇಗ ಮುಗಿಸಿದ ಮಾದರಿ ಮನೆಯೆಂದು ನಾವು ಕಚೇರಿಯ ಗೋಡೆಗೆ ಹಾಕಿದ್ದ ಚಿತ್ರ ಅದರದೇ. ಹತ್ತಿರ ಹೋಗಿ ನೋಡಿದರೆ ಬಾಗಿಲ ಪಕ್ಕದ ಗೋಡೆ ಮೇಲಿಂದ ಕೆಳತನಕ ಬಿರಿದಿತ್ತು. ಸಾಹೇಬರು ಕೈ ಹಾಕಿದರೆ ಅಂಗೈ ಒಳಗೆ ಹೋಯಿತು. ಮನೆಯವನು ಹೊರಗೆ ಬಂದ.

“ಇಷ್ಟು ಬೇಗ ಯಾಕೆ ಕಟ್ಟಿದಿರಿ?” ಎಂದು ಸಾಹೇಬರು ಕೇಳಿದರು.

“ನಿಮ್ಮ ಫೋಟೋದ ಸಲುವಾಗಿ ಕಟ್ಟೇನ್ರಿ ಸಾಹೇಬ್ರ. ತಡಾ ಮಾಡಿದ್ರ ಸಾಲ ನಿಲ್ತೈತಿ ಅಂದ್ರು. ಫೋಟೋ ಅಗದಿ ಚಲೋ ಬಂತು. ಮನಿ ಬಿರೀತು.”

ಕಚೇರಿಗೆ ವಾಪಸು ಬಂದವರೇ ಸಾಹೇಬರು ಮೇಲಿನವರಿಗೆ ಫೋನು ಹಚ್ಚಿದರು. ಆ ಕಡೆಯವರು ಏನೇನೋ ಅಂದಿರಬೇಕು, ಇವರು ಮಾತ್ರ ಒಂದೇ ಮಾತು ಹೇಳುತ್ತಿದ್ದರು, “ನಾನು ನೋಡಿ ಬಂದಿದ್ದೀನಿ ಸರ್.” ಫೋನು ಇಟ್ಟು ನನ್ನ ಕರಡಿಗೆ ಒಂದಕ್ಷರವನ್ನೂ ತಿದ್ದದೆ ಸಹಿ ಹಾಕಿದರು. ಅವರನ್ನು ಹೆದರುಪುಕ್ಕಲು ಎಂದು ಆಡಿಕೊಳ್ಳುವುದನ್ನು ನಾನು ಅಂದೇ ಬಿಟ್ಟೆ.

ಸದನದ ಕಲಾಪವನ್ನು ಎಲ್ಲರೂ ಒಂದು ಮೊಬೈಲ್ ಸುತ್ತ ಮುತ್ತಿಕೊಂಡು ನೋಡಿದೆವು. ಬರೆದ ಉತ್ತರವನ್ನು ಶಾಸಕರ ಕೈಗೆ ಕೊಡಲಾಗಿದೆ, ಉಪಪ್ರಶ್ನೆ ಇದ್ದರೆ ಕೇಳಲಿ ಎಂದು ಸಚಿವರು ಹೇಳಿ ಕೂತರು. ನಮ್ಮ ಶಾಸಕರು ಎದ್ದರು. ಅವರು ಎದ್ದರೆ ಮೈಕು ಬೇಕಾಗುವುದಿಲ್ಲ. ಸಾಹೇಬರು ಕಣ್ಣು ಮುಚ್ಚಿಕೊಂಡರು. ಶಾಸಕರು ಕನ್ನಡಕ ಏರಿಸಿ ನಮ್ಮ ಉತ್ತರವನ್ನು ತಾವೇ ಗಟ್ಟಿಯಾಗಿ ಓದತೊಡಗಿದರು. ‘ರದ್ದುಪಡಿಸಿದ್ದು ತಪ್ಪು’ ಎಂಬಲ್ಲಿ ನಿಂತರು. ಮತ್ತೊಮ್ಮೆ ಓದಿದರು.

“ಅಧ್ಯಕ್ಷರ, ನಾ ಜಗಳಾ ತಗೀಬೇಕಂತನ ಬಂದಿದ್ದೆ. ಇವರು ನನಗ ಜಗಳಾ ಮಾಡಾಕ ಏನೂ ಉಳಿಸಿಲ್ರಿ!” ಅಂದರು. ಆಡಳಿತ ಪಕ್ಷ, ವಿರೋಧ ಪಕ್ಷ ಎನ್ನದೆ ಎಲ್ಲರೂ ಮೇಜು ಕುಟ್ಟಿದರು. ಶಾಸಕರು ಮುಂದುವರಿಸಿದರು: “ನಮ್ಮ ಎರಿ ಮಣ್ಣು ಗೊತ್ತಿದ್ದವರು ಯಾರೋ ಇದನ್ನ ಬರದಾರ. ಈಗ ಒಂದ ಪ್ರಶ್ನೆ. ಆ ಮನಿಗಳನ್ನ ತಿರುಗಿ ಕೊಡ್ತೀರೋ ಇಲ್ಲೋ?”

ಸಚಿವರು ಎದ್ದು, “ಕೊಡುತ್ತೇವೆ. ಎರೆಭೂಮಿಯಲ್ಲಿ ಬುನಾದಿಗೆ ಒಂದು ಮಳೆಗಾಲದ ಬಿಡುವನ್ನೂ ಕೊಡುತ್ತೇವೆ” ಅಂದರು.

ನಮ್ಮ ಕಚೇರಿಯಲ್ಲಿ ಎದ್ದ ಕೂಗಿಗೆ ಕೆಳಗಿನ ಅಂಗಡಿಯವರು ಕ್ರಿಕೆಟ್ ಗೆದ್ದರೇನೋ ಎಂದು ಮೇಲೆ ಓಡಿಬಂದರು. ನಾನು ಅತ್ತೆ. ಸಂತೋಷಕ್ಕೇ ಅತ್ತೆ, ಮುಚ್ಚುಮರೆ ಯಾಕೆ? ಅಷ್ಟು ವರ್ಷ ಬರೆದ ಉತ್ತರಗಳಲ್ಲಿ ಅದೊಂದೇ ನಿಜವಾಗಿ ಉತ್ತರವಾಗಿತ್ತು. ಸಾಹೇಬರು ತಮ್ಮ ಕೈಯಿಂದಲೇ ಎಲ್ಲರಿಗೂ ಪೇಡಾ ಹಂಚಿದರು. ಗೋಡೆಯ ಮೇಲಿದ್ದ ಮಾದರಿ ಮನೆಯ ಚಿತ್ರವನ್ನು ಇಳಿಸಿದರು, ಆ ಮನೆಯವನ ಗೋಡೆ ರಿಪೇರಿಗೂ ದಾರಿ ಮಾಡಿಕೊಟ್ಟರು.

ದಸರೆ ಮುಗಿದ ಮೇಲೆ ಕುರಿಗಾರ ಹೆಣ್ಣುಮಗಳ ಮನೆಯ ಗೋಡೆ ಎದ್ದಿತು. ಬೇಸಿಗೆ ಬರುವುದರೊಳಗೆ ಛಾವಣಿಯೂ ಆಗಿತ್ತು. ಮುಂದಿನ ಮುಂಗಾರಿನಲ್ಲಿ ಆ ಕಡೆ ಹೋದಾಗ ನೋಡಿ ಬರೋಣವೆಂದು ಹೊಕ್ಕೆ. ನಾನು ಮೊದಲು ನೋಡಿದ್ದು ಗೋಡೆಯನ್ನೇ. ಎಲ್ಲೂ ಒಂದು ಕೂದಲೆಳೆಯಷ್ಟು ಬಿರುಕಿರಲಿಲ್ಲ. ಅವಳು ನನ್ನನ್ನು ಕೂರಿಸಿ ಚಹಾ ಕೊಟ್ಟಳು.

“ಹೆಂಗೈತಿ ಹೊಸ ಮನಿ?” ಎಂದು ಕೇಳಿದೆ.

ಅವಳು ನಾಚಿ ನಕ್ಕಳು. “ಏನ ಹೇಳ್ಲಿ ಅಕ್ಕಾರ. ಮೊನ್ನಿ ದೊಡ್ಡ ಮಳಿ ಬಂತ್ರಿ. ಗುಡುಗು ಕೇಳಿದ ಕೂಡ್ಲೆ ಎದ್ದ ಗಂಟು ಕಟ್ಟೇನ್ರಿ, ಕೂಸನ್ನ ಬಗಲಾಗ ಎತಗೊಂಡೇನಿ, ಎಲ್ಲಿಗೆ ಹೋಗೂಣು ಅಂತ ಗಂಡನ್ನ ಕೇಳೇನಿ. ಅಂವ ನನ್ನ ಮಾರಿ ನೋಡಕೋತ ಕುಂತಾನ. ಆಮ್ಯಾಲ ಅಂದ, ‘ಎಲ್ಲಿಗೂ ಇಲ್ಲ, ಕುಂದರ’ ಅಂತ. ಹಂಗ ಕುಂತೇನ್ರಿ.”