ಗಟ್ಟಿ ಹುಡುಗಿ ಎನ್ನಬೇಡಿ

ನನ್ನ ಮಗಳನ್ನು ಯಾರಾದರೂ ‘ಗಟ್ಟಿ ಹುಡುಗಿ’ ಎಂದರೆ ಮೈಯೆಲ್ಲ ಉರಿಯುತ್ತದೆ. ಅವಳಿಗೆ ಹುಟ್ಟಿನಿಂದ ನೋವು ಗೊತ್ತಾಗುವುದಿಲ್ಲ, ಮೈ ಬೆವರುವುದೂ ಇಲ್ಲ. ನರದ ಕಾಯಿಲೆ, ವಂಶದ್ದು. ನನ್ನನ್ನು ಸೋದರಮಾವನಿಗೇ ಕೊಟ್ಟರು. ಎರಡೂ ಕಡೆ ಅಡಗಿದ್ದದ್ದು ಅವಳಲ್ಲಿ ಬಂದು ಕೂಡಿತು. ಕುರುಗೋಡಿನ ನನ್ನ ಅಜ್ಜಿಯೇ ನನಗೆ ಅತ್ತೆ. ಕೂಸು ಸೂಜಿಗೆ ಅಳಲಿಲ್ಲವೆಂದು ಊರೆಲ್ಲ ಹೇಳಿಕೊಂಡು ಬಂದವರು ಅವರು. ನಾಲಿಗೆ ಕಚ್ಚಿಕೊಂಡು ಬಾಯಿತುಂಬ ರಕ್ತ ಬಂದಾಗಲೂ ಅದೇ ಹೊಗಳಿಕೆ.

ಹೋದ ಬೇಸಿಗೆಯಲ್ಲಿ ಅವಳ ಅಂಗಾಲಿನ ಗಾಯ ಕೀವಾಗಿ ಎಲುಬಿಗೆ ಇಳಿಯಿತು. ಸಿರುಗುಪ್ಪದ ನಮ್ಮ ಮನೆ ಹತ್ತಿರದ ಡಾಕ್ಟರು ಕಾಲು ತಿರುವಿ ನೋಡಿ, “ನೋವ ಇಲ್ಲಂದಮ್ಯಾಲ ಮತ್ತಿನ ಔಷಧ ಯಾಕ್ರಿ? ಹಂಗೇ ಕೊಯ್ದು ಕೀವು ತೆಗೀತೀನಿ” ಎಂದರು.

“ಹಂಗೇ ಮಾಡ್ರಿ ಸರ,” ಎಂದರು ಜೊತೆಗೆ ಬಂದಿದ್ದ ಅಜ್ಜಿ. “ಮತ್ತು ಕೊಟ್ರ ಈ ಕೂಸು ಏಳ್ತೈತೋ ಇಲ್ಲೋ.”

ಆ ಭಯ ನನಗೂ ಇತ್ತು. ಆದರೆ ಮಗಳು ನನ್ನ ಸೆರಗನ್ನು ಮುಷ್ಟಿಯಲ್ಲಿ ಹಿಡಿದಿದ್ದಳು. ಅದು ಅವರಿಬ್ಬರಿಗೂ ಕಾಣಲಿಲ್ಲ. ನೋವಿಲ್ಲದ ಮಗುವಿಗೆ ಬ್ಲೇಡು ಕಣ್ಣಿಗೆ ಬೀಳುವುದಿಲ್ಲವೇ? ಚರ್ಮ ಮುಟ್ಟಿದ್ದು ತಿಳಿಯುವುದಿಲ್ಲವೇ? ಬದನೆಕಾಯಿ ಹೆಚ್ಚುವ ವಿಷಯವೆಂಬ ಹಾಗೆ ಅವರಿಬ್ಬರೂ ಮಾತಾಡುತ್ತಿದ್ದರು. ಅವಳನ್ನು ಎತ್ತಿಕೊಂಡು ಹೊರಗೆ ಬಂದೆ.

ಬಳ್ಳಾರಿಗೆ ಹೋಗುವ ಬಸ್ಸಿನಲ್ಲಿ ಅವಳ ತಲೆಯ ಮೇಲೆ ಒದ್ದೆ ಟವೆಲ್ ಹಾಕಿ, ಆರಿದ ಹಾಗೆಲ್ಲ ನೀರು ಹನಿಸುತ್ತ ಕೂತಿದ್ದೆ. ಅಲ್ಲಿನ ಆಸ್ಪತ್ರೆಯಲ್ಲಿ ಮತ್ತಿನ ಔಷಧ ಕೊಡುವ ಡಾಕ್ಟರಮ್ಮ ಆ ಟವೆಲ್ ನೋಡಿ ಮೊದಲು ಕೇಳಿದ್ದು, “ಬೆವರ್ತಾಳೇನ್ರಿ?” ಎಂದು. ಇಷ್ಟು ವರ್ಷಗಳಲ್ಲಿ ಅದನ್ನು ಯಾರೂ ಕೇಳಿರಲಿಲ್ಲ. ಆಮೇಲೆ ಮುಚ್ಚುಮರೆಯಿಲ್ಲದೆ ಹೇಳಿದರು: ಮತ್ತು ಕೊಟ್ಟು ಮಲಗಿಸಿದಾಗ ಮೈಕಾವು ಏರಬಹುದು, ಇಲ್ಲವೇ ಇಳಿಯಬಹುದು, ಬಿಪಿ ಕುಸಿಯಬಹುದು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಬಹುದು.

“ಆದ್ರ ಎಚ್ಚರ ಇಟ್ಟು ಕೊಯ್ಯೋದು ತಪ್ಪು. ಮೊದಲೇ ಗೊತ್ತಾತಲ್ಲ, ತಯಾರಿ ಮಾಡ್ಕೊಂತೀವಿ. ಕಾವು ನೋಡ್ಕೊಂತ ನಾ ಪಕ್ಕದಾಗ ಇರ್ತೀನಿ.”

ಆಪರೇಷನ್ ಕೋಣೆಯ ಬಾಗಿಲು ಮುಚ್ಚಿದ ಮೇಲೆ ನಾನು ಕೂರಲೂ ಆಗದೆ ನಿಲ್ಲಲೂ ಆಗದೆ ಸುತ್ತಿದೆ. ಏನಾದರೂ ಆಗಿದ್ದರೆ ಆಯುಷ್ಯವಿಡೀ ನನ್ನನ್ನೇ ಆಡಿಕೊಳ್ಳುತ್ತಿದ್ದರು.

ಏನೂ ಆಗಲಿಲ್ಲ. ಮಗಳು ಕಣ್ಣು ಬಿಡುವ ಹೊತ್ತಿಗೆ, ನಮ್ಮ ಹಿಂದೆಯೇ ಬಳ್ಳಾರಿಗೆ ಬಂದಿದ್ದ ಅಜ್ಜಿ ಪಕ್ಕದ ಮಂಚದವರಿಗೆ ಶುರು ಹಚ್ಚಿಕೊಂಡಿದ್ದರು. “ನಮ್ಮ ಹುಡುಗಿ ಭಾಳ ಗಟ್ಟಿ. ಮತ್ತು ಬೇಕಾಗಿದ್ದಿಲ್ಲ, ಇವರವ್ವನ ಹಟ.”

ನಾನು ಬಾಯಿ ತೆರೆಯುವಷ್ಟರಲ್ಲಿ ಮಗಳೇ ತೊದಲಿದಳು. “ನಾ ಗಟ್ಟಿ ಅಲ್ಲ ಅಜ್ಜಿ. ನನಗ ಅಂಜಿಕಿ ಆಗಿತ್ತು. ನೀ ಕೇಳಲೇ ಇಲ್ಲ.”