ಕೆಳಮನೆ ದೊಡ್ಡಮ್ಮ ಮತ್ತು ನನ್ನ ಸ್ಲೋ ಕುಕ್ಕರ್

ಯಾರದೋ ಮನೆಯಲ್ಲಿ ಹೊಟ್ಟೆ ಬಿರಿಯುವಷ್ಟು ಉಂಡು, ಬೀದಿಗೆ ಬಂದ ಮೇಲೆ "ಆ ಮನೇಲಾ? ನಾನಾ? ಛೆ!" ಅಂದದ್ದುಂಟಾ ನೀವು? ನಿಜ ಹೇಳಿ. ನಾನು ಅಂದಿದ್ದೇನೆ. ಒಂದು ಸಲ ಅಲ್ಲ, ಮೂರು ವರ್ಷ.

ಕೆಳಮನೆ ದೊಡ್ಡಮ್ಮನ ಬಲಗೈ ಹೆಬ್ಬೆರಳಿನ ಉಗುರು ನಡುಮಧ್ಯೆ ಸೀಳಿತ್ತು. ಹಂದಿಯ ಪಕ್ಕೆಲುಬಿನ ಹಿಂಬದಿಗೆ ಒಂದು ಬಿಳಿ ಪೊರೆ ಅಂಟಿಕೊಂಡಿರುತ್ತದಲ್ಲ, ಅದರ ಅಡಿಗೆ ಆ ಸೀಳು ಉಗುರನ್ನು ತೂರಿಸಿ, ಮೇಲೆದ್ದ ತುದಿಯನ್ನು ಹಳೇ ಬಟ್ಟೆಯಲ್ಲಿ ಹಿಡಿದು ಒಂದೇ ಎಳೆತಕ್ಕೆ ಸುಲಿದುಬಿಡುತ್ತಿದ್ದರು. ಜರ್ರ್ ಅಂತ ಸದ್ದು. ನಾನು ಚಾಕು, ಕತ್ತರಿ ಎಲ್ಲ ಇಟ್ಟುಕೊಂಡು ಕೂತರೂ ಪೊರೆ ಚೂರುಚೂರಾಗಿ ಕಿತ್ತು ಬರುತ್ತಿತ್ತು. "ನಿನ್ ಕೈ ಬರೀ ಪೈಲು ಇಡ್ಯಕ್ಕೆ ಕಣ್ಲಾ" ಎಂದು ನಗುತ್ತಿದ್ದರು.

ಆಂಡರ್ಸನ್‌ಪೇಟೆಯಲ್ಲಿ ನಾವು ಮೇಲ್ಮನೆ, ಅವರು ಕೆಳಮನೆ. ನಾನು ಕೆಲಸ ಮಾಡುವ ಫ್ಯಾಕ್ಟರಿಯ ಕ್ಯಾಂಟೀನಿನಲ್ಲೇ ಅಡುಗೆ ಮಾಡಿ ನಿವೃತ್ತರಾದವರು. ಗಂಡ ನಂದಿದುರ್ಗ ಅನ್ನುವ ಚಿನ್ನದ ಗಣಿಗೆ ಇಳಿಯುತ್ತಿದ್ದರಂತೆ. ಗಣಿ ಮುಚ್ಚಿದ ಮೇಲೆ ಬಹಳ ದಿನ ಬದುಕಲಿಲ್ಲ. ಒಬ್ಬಳೇ ಮಗಳು, ಬಂಗಾರಪೇಟೆಗೆ ಕೊಟ್ಟಿದ್ದರು. ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಅವರ ಮನೆಯ ಒಳಗೆ ಇದ್ದಾಗ ಮಾತ್ರ. ಬೀದಿಯಲ್ಲಿ ಎದುರಾದರೆ ಬರೀ ತಲೆ ಆಡಿಸುತ್ತಿದ್ದೆ.

ಸ್ಲೋ ಕುಕ್ಕರ್, ಅಂದರೆ ಸಣ್ಣ ಕಾವಿನಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ, ನನ್ನದು. ಮದುವೆಯ ಇಪ್ಪತ್ತನೇ ವರ್ಷಕ್ಕೆ ಬಾಮೈದ ಕೊಟ್ಟಿದ್ದ. ಅದರಲ್ಲಿ ಪಕ್ಕೆಲುಬು ಬೇಯಿಸುವ ಚೈನೀಸ್ ರೀತಿಯ ಅಡುಗೆಯೊಂದನ್ನು ಮೊಬೈಲಿನಲ್ಲಿ ನೋಡಿ ನನಗೆ ಹುಚ್ಚು ಹಿಡಿಯಿತು. ಹೆಂಡತಿ ಮೊದಲೇ ಹೇಳಿದಳು, "ಅದ್ರಾಗೆ ಅಂದಿ ಬೇಸಂಗಿದ್ರೆ ನನ್ ಅಡ್ಗೆಮನೆಗೆ ತರ್ಬ್ಯಾಡ್ರಿ." ಹಾಗಾಗಿ ಕುಕ್ಕರ್ ಕೆಳಗಿಳಿಯಿತು. ದೊಡ್ಡಮ್ಮನ ನಡುಮನೆಯ ಮೂಲೆಯಲ್ಲಿ, ಟೀವಿಯ ಪಕ್ಕದ ಪ್ಲಗ್ಗಿಗೆ ಕೂತಿತು.

ಮೊದಲ ಸಲ ನಾನೇ ಮಾಡಿದೆ. ಸೋಯಾ ಸಾಸು, ಜೇನು, ವಿನೆಗರ್, ಶುಂಠಿ, ಬೆಳ್ಳುಳ್ಳಿ, ಚಕ್ರಮೊಗ್ಗು ಎಲ್ಲ ಹಾಕಿ, ಸಾರಿಗೆ ಬಿಡುವ ಹಾಗೆ ಒಂದು ಚೊಂಬು ನೀರು ಬಿಟ್ಟೆ. ಸಂಜೆ ಮುಚ್ಚಳ ತೆಗೆದರೆ ಕರಿ ನೀರಿನಲ್ಲಿ ಎಲುಬು ತೇಲುತ್ತಿವೆ. ದೊಡ್ಡಮ್ಮ ಬಗ್ಗಿ ನೋಡಿದರು.

"ಏನ್ಲಾ ಇದು, ಅಂದಿಗೆ ಸ್ನಾನ ಮಾಡ್ಸಿದ್ದೀಯಾ?"

"ತಳ ಹಿಡೀಬಾರ್ದು ಅಂತ ದೊಡ್ಡಮ್ಮಾ..."

"ಮಾಂಸನೇ ನೀರು ಬಿಡ್ತೈತೆ. ನಿಂಗೆ ಕಾಯಕ್ಕಾಗಲ್ಲ, ಅಷ್ಟೇಯಾ."

ಮುಂದಿನ ವಾರದಿಂದ ಕೆಲಸ ಅವರ ಕೈಗೆ ಹೋಯಿತು. ಜೇನಿನ ಬದಲು ಬೆಲ್ಲ, ವಿನೆಗರ್ ಬದಲು ಹುಣಸೆಹುಳಿ. ಸೋಯಾ ಸಾಸು ಅವರಿಗೆ ಹೊಸದಲ್ಲ, ಕ್ಯಾಂಟೀನಿನ ಫ್ರೈಡ್ ರೈಸಿಗೆ ಲೀಟರುಗಟ್ಟಲೆ ಸುರಿದವರು. ಪಕ್ಕೆಲುಬನ್ನು ಮಲಗಿಸದೆ ಕುಕ್ಕರಿನ ಗೋಡೆಗೆ ಒರಗಿಸಿ ಸುತ್ತಲೂ ನಿಲ್ಲಿಸುತ್ತಿದ್ದರು. ಏಳು ಗಂಟೆ. ನಡುವೆ ನಾನು ಮುಚ್ಚಳ ಎತ್ತಲು ಹೋದರೆ ಕೈಮೇಲೆ ಫಟ್ ಅಂತ ಏಟು. "ಒಂದ್ಕಿತ ತೆಗುದ್ರೆ ಅರ್ಧ ಗಂಟೆ ಕಾವು ಓಯ್ತದೆ, ಸುಮ್ಕಿರು!" ಕರೆಂಟು ಹೋದರೆ ಗಂಡನ ಹಳೇ ಕಂಬಳಿಯನ್ನು ಕುಕ್ಕರಿಗೆ ಸುತ್ತಿ ಕೂರುತ್ತಿದ್ದರು, ಜ್ವರ ಬಂದ ಮಗುವಿಗೆ ಹೊದಿಸಿದ ಹಾಗೆ. ಕೊನೆಗೆ ಇಳಿದ ರಸವನ್ನು ಬಾಣಲೆಗೆ ಬಸಿದು, ಪಾಕದ ಹಾಗೆ ಗಟ್ಟಿ ಮಾಡಿ, ಪಕ್ಕೆಲುಬಿಗೆ ಬಳಿದು, ಕಾದ ಕಾವಲಿಯ ಮೇಲೆ ಎರಡೂ ಬದಿ ಸುಡುತ್ತಿದ್ದರು. ಎಲುಬು ಹಿಡಿದು ಎತ್ತಿದರೆ ಮಾಂಸ ತಟ್ಟೆಯಲ್ಲೇ ಉಳಿಯುತ್ತಿತ್ತು. ಅವರ ಚಾಪೆಯ ಮೇಲೆ ಕೂತು, ಅವರ ತಟ್ಟೆಯಲ್ಲಿ ಎಷ್ಟು ತಿಂದಿದ್ದೇನೋ ಲೆಕ್ಕವಿಲ್ಲ.

ಇದನ್ನೆಲ್ಲ ವಿಡಿಯೋ ಮಾಡಿ ನನ್ನ ಪೇಜಿಗೆ ಹಾಕತೊಡಗಿದೆ. ಅದರಲ್ಲಿ ಅವರ ಕೈ ಇರುತ್ತಿತ್ತು, ಮೇಲೆ ನನ್ನ ದನಿ. ಮೊಣಕೈಯಿಂದ ಮೇಲೆ ಏನೂ ಕಾಣದ ಹಾಗೆ ಮೊಬೈಲ್ ಇಡುವುದನ್ನು ಚೆನ್ನಾಗಿ ಕಲಿತಿದ್ದೆ. "ಅತ್ತಿಗೆ ಕೈರುಚಿ ಸೂಪರ್ ಅಣ್ಣಾ" ಎಂದು ಜನ ಬರೆಯುತ್ತಿದ್ದರು. ನಾನು ಅದಕ್ಕೊಂದು ಲೈಕ್ ಒತ್ತುತ್ತಿದ್ದೆ.

ಯಾಕೆ ಅಂತ ಕೇಳ್ತೀರಾ? ಹಂದಿ ತಿಂದರೆ ನಮ್ಮೂರಲ್ಲಿ ಈಗ ಯಾರೂ ದೊಡ್ಡದಾಗಿ ಏನೂ ಅನ್ನುವುದಿಲ್ಲ. ನಮ್ಮಣ್ಣನೇ ತೋಟದಲ್ಲಿ ನಾಲ್ಕು ಜನರನ್ನು ಸೇರಿಸಿ ಬೇಯಿಸುತ್ತಾನೆ. ಯಾರ ಒಲೆಯ ಮೇಲೆ ಬೆಂದದ್ದು, ಯಾರ ತಟ್ಟೆಯಲ್ಲಿ ತಿಂದದ್ದು ಅನ್ನುವುದಷ್ಟೇ ಊರವರಿಗೆ ಬೇಕು. ಉಳಿದದ್ದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಒಂದು ದಿನ ದೊಡ್ಡಮ್ಮ ಶುಂಠಿ ಜಜ್ಜುತ್ತಾ ಕೇಳಿದರು. "ಅಲ್ಲ ಕಣ್ಲಾ, ಎಲ್ರೂ ನನ್ ಕೈ ನೋಡವ್ರೆ. ಒಂದ್ಕಿತ ಮುಖಾನೂ ಆಕ್ಲಾ. ನನ್ ಮಗಳು ಅವ್ರತ್ತೆಗೆ ತೋರಿಸ್ಬೇಕಂತೆ, ನೋಡಿ ನಮ್ಮಮ್ಮ ಅಂತ."

"ಇವತ್ತು ಬೆಳಕು ಸರಿಯಿಲ್ಲ ದೊಡ್ಡಮ್ಮಾ. ಮುಂದಿನ ವಾರ."

ಮುಂದಿನ ವಾರ ಮೊಬೈಲ್ ಸರಿಯಿಲ್ಲ ಅಂದೆ. ಅದರ ಮುಂದಿನ ವಾರ ಇನ್ನೇನೋ ಅಂದೆ.

ಆಮೇಲೊಂದು ಭಾನುವಾರ ಹೋದರೆ, ಹಸಿರು ರೇಷ್ಮೆ ಸೀರೆ ಉಟ್ಟು, ಮುಖಕ್ಕೆ ಪೌಡರ್ ಬಳಿದುಕೊಂಡು, ಕಿಟಕಿಯ ಪಕ್ಕಕ್ಕೆ ಮಣೆ ಎಳೆದುಕೊಂಡು ಕೂತಿದ್ದಾರೆ. ಹಂದಿ ಮಾಂಸ ತೊಳೆಯಲು ರೇಷ್ಮೆ ಸೀರೆ! "ಇವತ್ತು ಬೆಳ್ಕು ಚೆಂದಾಗೈತಲ್ವೇನ್ಲಾ?" ಅಂದರು.

ನಾನು ಮೊಬೈಲನ್ನು ಎಂದಿನ ಎತ್ತರಕ್ಕೇ ಇಟ್ಟೆ. ಅವರಿಗೆ ಗೊತ್ತಾಗಲಿಲ್ಲ. ಅಷ್ಟರಲ್ಲಿ ಅದು ಬಡಿದುಕೊಂಡಿತು. ಊರಿಂದ ನಮ್ಮಣ್ಣ. ನನ್ನ ಕೈತುಂಬ ಸೋಯಾ, ಬೆಲ್ಲ. ಕಿರುಬೆರಳಲ್ಲಿ ಸ್ಪೀಕರ್ ಒತ್ತಿದೆ.

"ಲೇ, ಆ ವಿಡಿಯೋದಾಗೆ ಕಾಣ್ತದಲ್ಲ ಕೈ, ಯಾರ್ದ್ಲಾ ಅದು? ನಿನ್ ಎಂಡ್ತಿದಂತೂ ಅಲ್ಲ. ಕ್ಯಾಸಂಬಳ್ಳಿ ಬಸ್‌ಸ್ಟ್ಯಾಂಡಾಗೆ ನನ್ನ ನಿಲ್ಸಿ ಕೇಳ್ತಾರೆ. ಯಾರ್ ಮನ್ಯಾಗೆ ಉಣ್ತಾ ಇದ್ದೀಯಾ ನೀನು?"

"ಕೆಲ್ಸದವ್ಳು ಕಣಣ್ಣಾ. ಬಂದು ಮಾಡಿಕ್ಕಿ ಓಯ್ತಾಳೆ. ಅವ್ರ ಮನ್ಯಾಗೆ ನಾನ್ಯಾಕೆ ಉಣ್ಲಿ?"

ಇದನ್ನು ಹೇಳಿದ್ದು ಅವರ ಚಾಪೆಯ ಮೇಲೆ ಕೂತು. ಅವರು ನನ್ನಿಂದ ಒಂದು ಮಾರು ದೂರದಲ್ಲಿದ್ದರು.

ದೊಡ್ಡಮ್ಮ ಉಳಿದಿದ್ದ ಕೊನೆಯ ಪೊರೆ ಸುಲಿದರು. ಪಕ್ಕೆಲುಬನ್ನು ಸುತ್ತಲೂ ನಿಲ್ಲಿಸಿ, ಮಸಾಲೆ ಸುರಿದು, ಮುಚ್ಚಳ ಹಾಕಿ ಕೈ ತೊಳೆದರು. ಆಮೇಲೆ ಗೋಡೆಯ ಕಡೆ ನೋಡುತ್ತಾ, "ಮುಚ್ಳ ತೆಗೀಬ್ಯಾಡಿ ಸಾರ್, ಏಳು ಗಂಟೆ ಬೇಕು" ಎಂದರು.

ಸಾರ್! ಮೂರು ವರ್ಷ ಲಾ, ಕಣ್ಲಾ ಅಂದವರು.

ಸಂಜೆ ಕುಕ್ಕರ್ ನಮ್ಮ ಬಾಗಿಲ ಮುಂದಿತ್ತು, ವೈರು ನೀಟಾಗಿ ಸುತ್ತಿ. ಪಾಕ ಬಳಿದು ಸುಟ್ಟ ಪಕ್ಕೆಲುಬು ಪೂರ್ತಿ ಅದರೊಳಗಿತ್ತು, ಉಪ್ಪು ನೋಡಲು ಕೂಡ ಒಂದು ತುಂಡು ತೆಗೆದಿರಲಿಲ್ಲ. ನಾನು ಏನು ಮಾಡಿದೆ ಗೊತ್ತಾ? ಮೆಟ್ಟಿಲ ಮೇಲೆ ಕೂತು ತಿಂದೆ. ಬಹಳ ಚೆನ್ನಾಗಿತ್ತು. ಮರುದಿನ ವಿಡಿಯೋನೂ ಹಾಕಿದೆ.

ಆಮೇಲೆ ನಾಲ್ಕು ತಿಂಗಳು ಮೆಟ್ಟಿಲಲ್ಲಿ "ನಮಸ್ಕಾರ ಸಾರ್" ಕೇಳಿಸಿಕೊಂಡೆ. ತಪ್ಪಾಯ್ತು ಅನ್ನಲು ಅವರ ಬಾಗಿಲವರೆಗೆ ಎಷ್ಟೋ ಸಲ ಹೋಗಿ ಬಂದೆ. ಬಾಗಿಲಿಗೂ ಬೀದಿಗೂ ಮೂರೇ ಹೆಜ್ಜೆ, ಯಾರಾದರೂ ಕಂಡಾರು ಅನ್ನಿಸುತ್ತಿತ್ತು. ಅವರು ಮನೆ ಖಾಲಿ ಮಾಡಿ ಮಗಳ ಮನೆಗೆ ಹೊರಟ ದಿನ ನಾನು ಬೇಕಂತಲೇ ಡ್ಯೂಟಿಗೆ ಬೇಗ ಹೋದೆ.

ಹೋದ ತಿಂಗಳು ಅವರ ಮಗಳ ಫೋನು ಬಂತು. ಬೆಳಿಗ್ಗೆ ಎದ್ದು ಕಾಫಿ ಕುಡಿದು ಕೂತವರು ಹಾಗೇ ಒರಗಿದರಂತೆ. ಬೈಕ್ ಹತ್ತಿ ಬಂಗಾರಪೇಟೆಗೆ ಹೋದೆ. ನನ್ನನ್ನು ಕಂಡಿದ್ದೇ ಆ ಹುಡುಗಿ ಓಡಿಬಂದು ಕೈ ಹಿಡಿದುಕೊಂಡಳು.

"ಅಣ್ಣಾ, ನಿಮ್ಗೇ ಕಾಯ್ತಾ ಇದ್ವಿ. ಫ್ಲೆಕ್ಸ್ ಅಂಗ್ಡಿಯವ್ರು ನಿಂತವ್ರೆ. ಅಮ್ಮಂದು ಒಳ್ಳೇ ಫೋಟೋ ಒಂದು ಕೊಡಿ. ವಾರ ವಾರ ನೀವೇ ಇಡೀತಿದ್ರಲ್ಲ."

ಅಮ್ಮ ಅವಳಿಗೆ ಏನೂ ಹೇಳಿರಲಿಲ್ಲ.

ಮೊಬೈಲ್ ತೆಗೆದೆ. ಪೊರೆ ಸುಲಿಯುವ ಕೈ. ಬೆಲ್ಲ ಕುಟ್ಟುವ ಕೈ. ಹಸಿರು ರೇಷ್ಮೆಯ ಸೆರಗಿನ ಅಂಚು, ಮತ್ತೆ ಕೈ. ಮೂರು ವರ್ಷದ ವಿಡಿಯೋಗಳನ್ನು ಅವಳು ನನ್ನ ಭುಜದ ಪಕ್ಕ ನಿಂತು ನೋಡಿದಳು. ಕೊನೆಕೊನೆಗೆ ಮುಖ ಎಲ್ಲಿ ಎಂದು ಕೇಳುವುದನ್ನೇ ನಿಲ್ಲಿಸಿದಳು. ಒಳಗಿಂದ ರೇಷನ್ ಕಾರ್ಡ್ ತಂದು ಫ್ಲೆಕ್ಸಿನವನಿಗೆ ಕೊಟ್ಟಳು. ಅದರಲ್ಲಿದ್ದ ಹೆಬ್ಬೆರಳಗಲದ ಮುಖವನ್ನು ಅವನು ಆಳೆತ್ತರ ಮಾಡಿ ಬಾಗಿಲಿಗೆ ಕಟ್ಟಿದ. ಮಸುಕು ಮಸುಕು. ಬಂದವರು "ಇವ್ರೇನಾ?" ಎಂದು ಕೇಳಿ ಒಳಗೆ ಹೋಗುತ್ತಿದ್ದರು.

ಕಾಮೆಂಟಿನಲ್ಲಿ ರೆಸಿಪಿ ಕೇಳಬೇಡಿ, ಅದು ನನ್ನದಲ್ಲ. ನೀವೂ ಯಾರದಾದರೂ ಅನ್ನ ಉಂಡು ಹೊರಗೆ ಬಂದು ಇಲ್ಲ ಅಂದಿದ್ದರೆ, ಅದನ್ನು ಇಲ್ಲಿ ಬರೆಯಿರಿ. ಅವರು ನಿಮಗೆ ಏನಾಗಬೇಕಿತ್ತು ಅಂತಲೂ ಬರೆಯಿರಿ. ಅವರು ಇನ್ನೂ ಬದುಕಿದ್ದರೆ, ಬರೆಯುವ ಮೊದಲು ಎದ್ದು ಅವರ ಮನೆಗೆ ಹೋಗಿ ಬನ್ನಿ.